ಗೊನೆ ಮಾಗುವ ಆಟ

ಆನೆಗೊಂದಿಯ ತೋಟದಲ್ಲಿ ಕಡಿದ ಬಾಳೆಗೊನೆಯನ್ನು ಮನೆಯಲ್ಲಿ ತೂಗುಹಾಕಿದರೆ ಕೆಲವೇ ದಿನಗಳಲ್ಲಿ ಒಗರು ಕಾಯಿ ಸಿಹಿಯಾಗುತ್ತದೆ. ಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 20 ಭಾಗ ಪಿಷ್ಟವಿರುತ್ತದೆ. ಹಣ್ಣಾಗುವ ಹೊತ್ತಿಗೆ ಅದರ ಬಹುಪಾಲು ಸಕ್ಕರೆಯಾಗಿರುತ್ತದೆ. ಈ ಕೆಲಸ ಕಿಣ್ವಗಳದು. ಅವನ್ನು ಎಬ್ಬಿಸುವುದು ಕಾಯಿಯೇ ಹೊರಬಿಡುವ ಎಥಿಲೀನ್ ಅನಿಲ.

ಮಕ್ಕಳಿಗೆ ಜೀವರಸಾಯನಶಾಸ್ತ್ರ ಕಲಿಸುವ ವಿಡಿಯೋ ಆಟ ತಯಾರಿಸುವವರಿಗೆ ಇದು ಒಳ್ಳೆಯ ವಸ್ತು. ಆದರೆ ಸಾಮಾನ್ಯವಾಗಿ ತೆರೆಯ ಮೇಲೆ ಒಂದು ಕೋತಿಯನ್ನು ಓಡಿಸಿ (ಕಿಷ್ಕಿಂಧೆಯೆಂದು ಹೆಸರಾದ ಊರಿನಲ್ಲಿ ಕೋತಿ ಬಾರದಿದ್ದೀತೆ!) ನಡುನಡುವೆ ‘ಕಿಣ್ವ ಎಂದರೇನು?’ ಎಂದು ಕೇಳುತ್ತಾರೆ. ಮಗು ಉತ್ತರವನ್ನು ಬಾಯಿಪಾಠ ಮಾಡಿ ಕೋತಿಯನ್ನು ದಾಟಿಸುತ್ತದೆ. ಕಿಣ್ವದ ಪರಿಚಯ ಮಾತ್ರ ಆಗುವುದಿಲ್ಲ.

ಆಟದ ನಿಯಮವೇ ರಸಾಯನದ ನಿಯಮವಾಗಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ‘ಫೋಲ್ಡಿಟ್’ ಅಂಥದು. ಪ್ರೋಟೀನಿನ ಸರಪಳಿಯನ್ನು ಮಡಿಸುವುದೇ ಅಲ್ಲಿ ಆಟ; ಮಡಿಕೆಯ ಶಕ್ತಿ ಇಳಿದಷ್ಟೂ ಅಂಕ ಹೆಚ್ಚು. ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದೆಂಬ ನಕ್ಷೆಯೂ ಅದರಲ್ಲಿದೆ. ಅದನ್ನು 1963ರಲ್ಲಿ ಮದರಾಸಿನಲ್ಲಿ ರೂಪಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹತ್ತು ವರ್ಷಕ್ಕೂ ಮೀರಿ ಒಗಟಾಗಿದ್ದ, ಮಂಗಗಳ ವೈರಸ್ಸೊಂದರ ಕಿಣ್ವದ ಆಕಾರವು ಆಟಗಾರರು ಮೂರು ವಾರಗಳಲ್ಲಿ ಕಟ್ಟಿದ ಮಾದರಿಯ ನೆರವಿನಿಂದ ಬಯಲಾಗಿ, 2011ರಲ್ಲಿ ಪ್ರಕಟವಾಯಿತು.

ನಮ್ಮ ಗೊನೆಯ ಆಟಕ್ಕೆ ಎರಡೇ ಗುಂಡಿ ಸಾಕು: ಒಂದು ಕೋಣೆಯ ಉಷ್ಣತೆಗೆ, ಇನ್ನೊಂದು ಎಥಿಲೀನಿಗೆ. ಶಾಖ ಏರಿದಂತೆ ಕಿಣ್ವ ಚುರುಕಾಗುತ್ತದೆ. ಮಿತಿ ಮೀರಿದರೆ ಅದರ ಮಡಿಕೆ ಬಿಚ್ಚಿ ಕೆಲಸ ನಿಲ್ಲುತ್ತದೆ. ತೀರ ತಂಪಾದರೆ ಸಿಪ್ಪೆ ಕಪ್ಪಾಗುತ್ತದೆ.

ಅಂಕ ಕೊಡುವಲ್ಲಿ ಎಚ್ಚರ ಬೇಕು. ಬೇಗ ಹಳದಿಯಾಗಿಸಿದವರೇ ಗೆದ್ದರೆಂದರೆ ಆಟ ಕಲಿಸುವುದು ಕಾರ್ಬೈಡಿನ ಪಾಠವನ್ನೇ. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಾಗಿದರೆ ಹೊಮ್ಮುವ ಅಸಿಟಿಲೀನ್ ಕಾಯಿಯ ಮುಂದೆ ಎಥಿಲೀನಿನ ವೇಷ ಹಾಕುತ್ತದೆ; ಜೊತೆಗೆ ಆರ್ಸೆನಿಕ್, ರಂಜಕಗಳ ಅಂಶವೂ ಹಣ್ಣಿಗೆ ಸೇರಬಹುದು. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಆದ್ದರಿಂದ ಅಂಕವನ್ನು ಸಿಪ್ಪೆಯ ಬಣ್ಣಕ್ಕೆ ಕೊಡದೆ ತಿರುಳಿನಲ್ಲಿ ಉಳಿದ ಪಿಷ್ಟವನ್ನು ನೋಡಿ ಕೊಡಬೇಕು.

ಆಟದ ಲೆಕ್ಕ ಸರಿಯೇ ಎಂದು ಮನೆಯಲ್ಲೇ ನೋಡಬಹುದು. ದಿನಕ್ಕೊಂದು ಕಾಯಿಯನ್ನು ಅಡ್ಡ ಕೊಯ್ದು, ಹಿರಿಯರ ಎದುರಿನಲ್ಲಿ, ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಪಿಷ್ಟವಿದ್ದಲ್ಲಿ ಕಡುನೀಲಿ ಕಲೆ ಮೂಡುತ್ತದೆ, ಮಾಗಿದಂತೆ ತಿಳಿಯಾಗುತ್ತದೆ. ಹನಿ ಬಿಟ್ಟ ತುಂಡನ್ನು ತಿನ್ನಬೇಡಿ.