ಎರಡು ಸೇರುಗಳ ನಡುವಿನ ಲೆಕ್ಕ

ಪ್ರೋಟಾನಿನೊಳಗೆ ಕ್ವಾರ್ಕುಗಳನ್ನು ಬಿಗಿದಿಟ್ಟಿರುವ ಪ್ರಬಲ ಬಲವನ್ನು ಕಾಗದದ ಮೇಲೆ ಲೆಕ್ಕಹಾಕಿ ಮುಗಿಸಲಾಗದು. ದೇಶ-ಕಾಲವನ್ನು ರಂಗೋಲಿಯ ಚುಕ್ಕಿಗಳಂತೆ ಬಿಡಿಬಿಡಿಯಾಗಿ ಇಟ್ಟುಕೊಳ್ಳುವ ದಾರಿಯನ್ನು 1974ರಲ್ಲಿ ಕೆನೆತ್ ವಿಲ್ಸನ್ ತೋರಿದ ಮೇಲೆ ಆ ಲೆಕ್ಕ ಕಂಪ್ಯೂಟರಿನ ಕೈಗೆ ಬಂತು. ಈ ‘ಲ್ಯಾಟಿಸ್ (ಜಾಲಕ) ಕ್ಯುಸಿಡಿ’ಯಲ್ಲಿ ಪ್ರೋಟಾನಿನ ದ್ರವ್ಯರಾಶಿ ನೇರವಾಗಿಯೇ ಸಿಗುತ್ತದೆ. ಕಣವೊಂದು ಹೇಗೆ ಕ್ಷಯಿಸುತ್ತದೆ ಎಂದು ಕೇಳಿದಾಗ ಮಾತ್ರ ತೊಡಕು. ಕ್ಷಯವನ್ನು ವಿವರಿಸುವ ಆಪರೇಟರುಗಳ ಬೆಲೆ ಚುಕ್ಕಿಗಳ ಅಂತರಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರಯೋಗದೊಡನೆ ಹೋಲಿಸುವ ಸಿದ್ಧಾಂತವಾದರೋ ಚುಕ್ಕಿಗಳೇ ಇಲ್ಲದ ಅಖಂಡ ದೇಶ-ಕಾಲದ ಅಳತೆಯಲ್ಲಿದೆ. ಊರೂರಿಗೂ ಸೇರಿನ ಗಾತ್ರ ಬೇರೆಯಿದ್ದರೆ, ಒಂದು ಸೇರಿಗೂ ಇನ್ನೊಂದಕ್ಕೂ ಇರುವ ಸಂಬಂಧ ತಿಳಿಯದೆ ಭತ್ತ ಕೊಳ್ಳಲಾಗದು. ಆ ಸಂಬಂಧವನ್ನು ಕಂಡುಕೊಳ್ಳುವುದೇ ಇಲ್ಲಿ ರಿನಾರ್ಮಲೈಸೇಶನ್.

ಇದನ್ನು ಪರ್ಟರ್ಬೇಶನ್ ವಿಧಾನದಿಂದ, ಅಂದರೆ ಬಲದ ತೀವ್ರತೆಯ ಘಾತಗಳನ್ನು ಒಂದೊಂದಾಗಿ ಕೂಡಿಸುತ್ತ, ನೆಚ್ಚಿಕೆಯಿಂದ ಮಾಡಬಹುದು. ಬಲ ಪ್ರಬಲವೆಂದೇ ಕಂಪ್ಯೂಟರಿಗೆ ಹೋದವರು ಮತ್ತೆ ಕಾಗದಕ್ಕೆ ಮರಳುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಎರಡು ಅಳತೆಗಳು ಬೇರೆಯಾಗುವುದು ಚುಕ್ಕಿಗಳ ಅಂತರದಷ್ಟು ಅಥವಾ ಅದಕ್ಕಿಂತ ಕಿರಿದಾದ ದೂರಗಳಲ್ಲಿ. ಅಷ್ಟು ಹತ್ತಿರದಲ್ಲಿ ಈ ಬಲ ಸಡಿಲಗೊಳ್ಳುತ್ತದೆ. 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ತೋರಿಸಿದ್ದು ಇದನ್ನೇ, 2004ರಲ್ಲಿ ನೊಬೆಲ್ ಪಡೆದದ್ದೂ ಇದಕ್ಕೇ. ಹಾಗಿದ್ದೂ ಈ ಲೆಕ್ಕಗಳು ಬಹುಕಾಲ ನಿರಾಸೆ ತಂದದ್ದು ನಿಜ. ಅದರ ಕಾರಣವನ್ನು ಲಪಾಜ್ ಮತ್ತು ಮೆಕೆಂಜಿ 1993ರಲ್ಲಿ ಬಿಡಿಸಿ ಹೇಳಿದರು: ತಪ್ಪಿದ್ದುದು ವಿಧಾನದಲ್ಲಲ್ಲ, ಅದಕ್ಕೆ ಉಣಿಸಿದ ಸಂಖ್ಯೆಯಲ್ಲಿ. ಜಾಲಕದ ಮೂಲ ಸೂತ್ರದಲ್ಲಿ ತೀವ್ರತೆ 0.08 ಎಂದು ಬರೆದಿರುವಲ್ಲಿ, ಕ್ವಾರ್ಕುಗಳು ನಿಜಕ್ಕೂ ಅನುಭವಿಸುವುದು ಸುಮಾರು ಅದರ ಎರಡರಷ್ಟು. ಗೊದಮೊಟ್ಟೆಯಂತೆ ಕಾಣುವ, ಅದೇ ಹೆಸರಿನ ರೇಖಾಚಿತ್ರಗಳು ಈ ವ್ಯತ್ಯಾಸ ತರುತ್ತವೆ. ಅವು ಜಾಲಕ ತಾನೇ ಹುಟ್ಟಿಸಿದ ಕಳೆ. ಚುಕ್ಕಿಗಳಿಂದಾದ ಅತಿ ಚಿಕ್ಕ ಚೌಕದ ಸರಾಸರಿಯನ್ನು ಕಂಪ್ಯೂಟರಿನಲ್ಲೇ ಅಳೆದು ಆ ಕಳೆಯನ್ನು ಬಹುಮಟ್ಟಿಗೆ ಕಿತ್ತರೆ, ಸರಣಿ ಹದಕ್ಕೆ ಬರುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಪರಿವರ್ತನೆಯನ್ನೂ ಕಂಪ್ಯೂಟರೇ ಮಾಡಲಿ ಎಂದು ಮಾರ್ಟಿನೆಲ್ಲಿ ಮತ್ತು ಸಂಗಡಿಗರು 1995ರಲ್ಲಿ ದಾರಿ ಹಾಕಿಕೊಟ್ಟರು. ಸಾಧ್ಯವಿದ್ದಲ್ಲೆಲ್ಲ ಅದೇ ಮೇಲು. ತೀವ್ರತೆ 0.15ರಷ್ಟಿದ್ದು ಮೊದಲ ಹಂತಕ್ಕೇ ನಿಲ್ಲಿಸಿದರೆ, ಬಿಟ್ಟುಹೋದುದು ಶೇಕಡ 2ರ ಆಸುಪಾಸಿನಲ್ಲಿರಬಹುದು, ಇಂದಿನ ನಿಖರತೆಗೆ ಅದು ಸಣ್ಣದಲ್ಲ. ಆದರೆ ಪ್ರಪಂಚದ ಭೌತವಿಜ್ಞಾನಿಗಳು ಕೊನೆಗೆ ಒಪ್ಪಿ ಬಳಸುವ ಅಖಂಡ ಅಳತೆಯ ವ್ಯಾಖ್ಯೆಯೇ ಪರ್ಟರ್ಬೇಶನ್‌ನಲ್ಲಿದೆ. ಆದ್ದರಿಂದ ಕಾಗದದ ಲೆಕ್ಕ ಇಲ್ಲವಾಗುವುದಿಲ್ಲ, ಬಲ ಇನ್ನಷ್ಟು ಕ್ಷೀಣವಾಗಿರುವ ಹೆಚ್ಚಿನ ಶಕ್ತಿಗೆ ಜಾಗ ಬದಲಿಸುತ್ತದೆ, ಅಷ್ಟೆ. ಅಲ್ಲಿ ಅದು ತನ್ನ ದೋಷ ಸುಮಾರು ಎಷ್ಟೆಂದು ಮೊದಲೇ ಹೇಳಬಲ್ಲದು. ಸೇರು ಎಷ್ಟು ಕಡಿಮೆ ಅಳೆಯುತ್ತದೆಂದು ಗೊತ್ತಿದ್ದರೆ ಭತ್ತದ ಲೆಕ್ಕ ತಪ್ಪದು.