ಸ್ಟೀರಾಯ್ಡ್ ಇಳಿಸುವಾಗ ಕೀಲುನೋವು ಮರಳುವುದೇಕೆ? ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕೀಲುಗಳ ಉರಿಯೂತಕ್ಕೆ ಚಿಕಿತ್ಸೆ ಪಡೆಯುತ್ತಿರುವವರ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು, "ಡಾಕ್ಟರು ಮಾತ್ರೆ ಕಡಿಮೆ ಮಾಡಿದರು, ನೋವು ಮತ್ತೆ ಬಂತು, ಅಂಗಡಿಯಿಂದ ಮೊದಲಿನಷ್ಟೇ ತಂದು ನುಂಗುತ್ತಿದ್ದೇವೆ" ಎಂಬುದು. ಇನ್ನೊಂದು, "ಅದು ಸ್ಟೀರಾಯ್ಡ್ ಎಂದು ಗೊತ್ತಾದ ದಿನವೇ ಎಲ್ಲವನ್ನೂ ಬಿಟ್ಟೆವು" ಎಂಬುದು. ಎರಡೂ ಅಪಾಯಕಾರಿ, ಎರಡನೆಯದು ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ತರಬಲ್ಲದು. ವಾರ್ಡಿನ ಜನರು ವೈದ್ಯರಿಗಿಂತ ಮೊದಲು ತಮ್ಮ ಸದಸ್ಯರ ಬಳಿ ಈ ಮಾತನ್ನು ಹೇಳಿಕೊಳ್ಳುವುದರಿಂದ, ಈ ವಿಷಯದ ತಿರುಳನ್ನು ಸದಸ್ಯರು ಅರಿತಿರುವುದು ಅಗತ್ಯ. ಈ ಲೇಖನವು ಚಿಕಿತ್ಸಾ ಸಲಹೆಯಲ್ಲ. ರೋಗಿಯನ್ನು ಸಕಾಲದಲ್ಲಿ ವೈದ್ಯರ ಬಳಿಗೆ ತಲುಪಿಸಲು ಬೇಕಾದ ತಿಳಿವಳಿಕೆ ಮಾತ್ರ.

ಸಮಸ್ಯೆಯ ವ್ಯಾಪ್ತಿ

ದೆಹಲಿ ಸಮೀಪದ ಗ್ರಾಮೀಣ ಪ್ರದೇಶದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ವಯಸ್ಕರಲ್ಲಿ ರುಮಟಾಯ್ಡ್ ಸಂಧಿವಾತದ ಪ್ರಮಾಣ ಸುಮಾರು ಶೇ. 0.75. ಈ ಲೆಕ್ಕವನ್ನು ನಮಗೆ ಅನ್ವಯಿಸಿದರೆ, 4,000 ವಯಸ್ಕರಿರುವ ಪಂಚಾಯಿತಿಯಲ್ಲಿ ಸುಮಾರು 30 ಮಂದಿಗೆ ಈ ಕಾಯಿಲೆ ಇರಬಹುದು. ಇದರೊಂದಿಗೆ ಚಿಕುನ್‌ಗುನ್ಯಾದ ನಂತರ ಉಳಿದುಬಿಡುವ ಕೀಲುನೋವನ್ನೂ ಸೇರಿಸಬೇಕು. 2006ರಲ್ಲಿ ದೇಶದಾದ್ಯಂತ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳ ಪೈಕಿ ಸುಮಾರು 7.5 ಲಕ್ಷ ಪ್ರಕರಣಗಳು ನಮ್ಮ ರಾಜ್ಯದವೇ ಆಗಿದ್ದವು. ಜ್ವರವು ವಾರದೊಳಗೆ ಇಳಿದರೂ ಕೆಲವರಲ್ಲಿ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವುದು ಈ ರೋಗದ ಸ್ವಭಾವ. ಇಂಥ ನೋವಿಗೆ ಸ್ಟೀರಾಯ್ಡ್ ಕೊಟ್ಟು ನಿಲ್ಲಿಸಿದಾಗ ಅದು ಮರುಕಳಿಸುವುದನ್ನು ವೈದ್ಯರು ದಾಖಲಿಸಿದ್ದಾರೆ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಕಾರ್ಮಿಕರಿಗೆ, ದೇವನಹಳ್ಳಿ ಮತ್ತು ಹೊಸಕೋಟೆಯ ತರಕಾರಿ, ಹೂವಿನ ಬೆಳೆಗಾರರಿಗೆ, ನೆಲಮಂಗಲದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕೈಬೆರಳು ಮತ್ತು ಮಂಡಿಗಳೇ ಜೀವನೋಪಾಯ. ಬೆಳಿಗ್ಗೆ ಬೆರಳು ಮಡಚಲಾಗದಿದ್ದರೆ ಅಂದಿನ ಕೂಲಿ ಇಲ್ಲ. ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವವರನ್ನು ಅವಿವೇಕಿಗಳೆಂದು ಬಯ್ಯುವ ಮೊದಲು ಈ ಒತ್ತಡವನ್ನು ನಾವು ಅರ್ಥಮಾಡಿಕೊಳ್ಳಬೇಕು.

ಸ್ಟೀರಾಯ್ಡ್ ಏನು ಮಾಡುತ್ತದೆ?

ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಪ್ರತಿದಿನ ಕಾರ್ಟಿಸಾಲ್ ಎಂಬ ರಸವನ್ನು ತಯಾರಿಸುತ್ತವೆ. ರಕ್ತದೊತ್ತಡ ಕಾಯುವುದು, ಜ್ವರ ಅಥವಾ ಗಾಯದಂತಹ ಸಂಕಟದಲ್ಲಿ ದೇಹವನ್ನು ನಿಲ್ಲಿಸುವುದು, ಉರಿಯೂತವನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಪ್ರೆಡ್ನಿಸೋಲೋನ್ ಮೊದಲಾದ ಸ್ಟೀರಾಯ್ಡ್ ಮಾತ್ರೆಗಳು ಇದೇ ಕೆಲಸವನ್ನು ಹೆಚ್ಚು ಪ್ರಬಲವಾಗಿ ಮಾಡುತ್ತವೆ.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಮತ್ತು ಸಹೋದ್ಯೋಗಿಗಳು ತೀವ್ರ ಸಂಧಿವಾತದಿಂದ ಬಳಲುತ್ತಿದ್ದ ಯುವತಿಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟರು. ನಡೆಯಲಾಗದಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದರು. ಈ ಸಾಧನೆಗೆ ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೆ 1950ರ ನೊಬೆಲ್ ಪುರಸ್ಕಾರ ಸಂದಿತು. ಆದರೆ ಔಷಧ ನಿಲ್ಲಿಸಿದಾಗ ನೋವು ಮರಳುವುದನ್ನೂ, ಹೆಚ್ಚು ಕಾಲ ಕೊಟ್ಟರೆ ದುಷ್ಪರಿಣಾಮಗಳು ಕಾಣುವುದನ್ನೂ ಅವರು ಆರಂಭದ ವರ್ಷಗಳಲ್ಲೇ ಗಮನಿಸಿದ್ದರು. ಸ್ಟೀರಾಯ್ಡ್ ಉರಿಯನ್ನು ಆರಿಸುತ್ತದೆ. ಕಾಯಿಲೆಯ ಬೇರನ್ನು ಕೀಳುವುದಿಲ್ಲ.

ಆದ್ದರಿಂದ ರುಮಟಾಯ್ಡ್ ಸಂಧಿವಾತದಲ್ಲಿ ವೈದ್ಯರು ಸ್ಟೀರಾಯ್ಡನ್ನು ತಾತ್ಕಾಲಿಕ ಆಸರೆಯಾಗಿ ಬಳಸುತ್ತಾರೆ. ಕಾಯಿಲೆಯನ್ನು ದೀರ್ಘಕಾಲ ಹತೋಟಿಯಲ್ಲಿಡುವ ಔಷಧ ಮೆಥೋಟ್ರೆಕ್ಸೇಟ್‌ನಂತಹದು. ಅದರ ಪರಿಣಾಮ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಸೇತುವೆಯ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನ ಸೆಂಟ್ರಿಂಗ್ ಇರಬೇಕಲ್ಲವೇ? ಬೇಗ ತೆಗೆದರೆ ಕುಸಿಯುತ್ತದೆ; ಹಾಗೆಂದು ಶಾಶ್ವತವಾಗಿ ಬಿಡುವಂತೆಯೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ: ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ದಿನವೂ ಸೇವಿಸಿದರೆ ಪ್ರಾಣಾಪಾಯವಿದೆ.

ನೋವು ಮರಳಲು ಕಾರಣಗಳು

ಪ್ರಮಾಣ ಇಳಿಸುವಾಗ ಬರುವ ನೋವೆಲ್ಲ ಒಂದೇ ಅಲ್ಲ. ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

1. ಕಾಯಿಲೆಯೇ ಮರುಕಳಿಸುವುದು. ಕೀಲುಗಳು ಊದಿಕೊಂಡು ಬಿಸಿಯಾಗಿರುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆಗೂ ಹೆಚ್ಚು ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್, ಸಿಆರ್‌ಪಿ ಸಾಮಾನ್ಯವಾಗಿ ಏರಿರುತ್ತವೆ. ಇದಕ್ಕೆ ಮೂಲ ಔಷಧವನ್ನು ಸರಿಪಡಿಸಬೇಕಾಗಬಹುದು.

2. ಇಳಿಕೆಗೆ ದೇಹ ತೋರುವ ಪ್ರತಿಕ್ರಿಯೆ. ಮೈಕೈಯೆಲ್ಲ ನೋವು, ಸುಸ್ತು, ಬೇಸರ ಇರುತ್ತವೆ. ಆದರೆ ಕೀಲುಗಳಲ್ಲಿ ಹೊಸ ಊತ ಇರುವುದಿಲ್ಲ. ಇಳಿಕೆಯ ವೇಗ ತಗ್ಗಿಸಿದರೆ ಇದು ಸಾಮಾನ್ಯವಾಗಿ ದಿನಗಳಲ್ಲಿ ಅಥವಾ ವಾರಗಳಲ್ಲಿ ಶಮನವಾಗುತ್ತದೆ.

3. ಅಡ್ರಿನಲ್ ಗ್ರಂಥಿಯ ಮಂದಗತಿ. ಊರಿಗೆ ತಿಂಗಳುಗಟ್ಟಲೆ ಟ್ಯಾಂಕರ್ ನೀರು ಬಂದಾಗ ಕೊಳವೆಬಾವಿಯ ಪಂಪನ್ನು ಯಾರೂ ಚಾಲೂ ಮಾಡುವುದಿಲ್ಲ. ಒಂದು ದಿನ ಟ್ಯಾಂಕರ್ ಏಕಾಏಕಿ ನಿಂತರೆ, ತುಕ್ಕು ಹಿಡಿದ ಪಂಪ್ ಕೂಡಲೇ ನೀರೆತ್ತುವುದಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ಅಡ್ರಿನಲ್ ಗ್ರಂಥಿಯೂ ಹೀಗೆಯೇ ವಿಶ್ರಾಂತಿಗೆ ಜಾರುತ್ತದೆ. ದೇಹವು ದಿನವೊಂದಕ್ಕೆ ತಾನೇ ತಯಾರಿಸುವ ಕಾರ್ಟಿಸಾಲ್ ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ ಸುಮಾರು 4ರಿಂದ 6 ಮಿಲಿಗ್ರಾಂಗೆ ಸಮ. ಹಾಗಾಗಿ 5 ಮಿಲಿಗ್ರಾಂ ಆಸುಪಾಸಿಗೆ ಇಳಿದಾಗಲೇ ಈ ತೊಂದರೆ ಹೆಚ್ಚಾಗಿ ಗೋಚರಿಸುತ್ತದೆ. ಗ್ರಂಥಿ ಚೇತರಿಸಿಕೊಳ್ಳಲು ಕೆಲವರಿಗೆ ಹಲವು ತಿಂಗಳು ಬೇಕು.

4. ಸ್ಟೀರಾಯ್ಡ್ ಮುಚ್ಚಿಟ್ಟಿದ್ದ ಅಥವಾ ತಂದೊಡ್ಡಿದ ಬೇರೆ ತೊಂದರೆ. ವಯಸ್ಸಿನಿಂದ ಸವೆದ ಮಂಡಿಯ ನೋವು ಈಗ ಹೊರಬರಬಹುದು. ತೊಡೆಸಂದಿಯಲ್ಲಿ ಹೊಸದಾಗಿ ನೋವು ಕಂಡರೆ, ರಕ್ತಸಂಚಾರ ಕುಂದಿ ಸೊಂಟದ ಕೀಲಿನ ಮೂಳೆ ಹಾಳಾಗಿರಬಹುದು. ಇದು ಸ್ಟೀರಾಯ್ಡಿನ ಪರಿಚಿತ ದುಷ್ಪರಿಣಾಮ. ಒಂದೇ ಕೀಲು ಊದಿಕೊಂಡು ಜ್ವರವೂ ಇದ್ದರೆ ಸೋಂಕಿನ ಶಂಕೆಯಿಂದ ಅದೇ ದಿನ ತಪಾಸಣೆ ಆಗಬೇಕು.

ಈ ನಾಲ್ಕಕ್ಕೂ ಪರಿಹಾರ ಬೇರೆಬೇರೆ. ನೋವು ಬಂತೆಂದು ಮಾತ್ರೆ ಹೆಚ್ಚಿಸುವುದು ಇವುಗಳಲ್ಲಿ ಕೆಲವಕ್ಕೆ ಉಪಯೋಗವಿಲ್ಲ, ಕೆಲವಕ್ಕೆ ಹಾನಿಕರ. ಯಾವ ಕಾರಣವೆಂದು ಪರೀಕ್ಷಿಸಿ ನಿರ್ಧರಿಸುವುದು ವೈದ್ಯರ ಕೆಲಸ.

ಇಳಿಕೆಗೂ ಒಂದು ಕ್ರಮವಿದೆ

50 ವರ್ಷ ಮೀರಿದವರಲ್ಲಿ ಭುಜ ಮತ್ತು ಸೊಂಟ ಬಿಗಿಯುವ ಪಾಲಿಮಯಾಲ್ಜಿಯಾ ರುಮಾಟಿಕಾ ಎಂಬ ಉರಿಯೂತ ಕಾಯಿಲೆಯ ಬಗ್ಗೆ 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಶಿಫಾರಸುಗಳು ಇದಕ್ಕೆ ಉತ್ತಮ ನಿದರ್ಶನ. ದಿನಕ್ಕೆ 12.5ರಿಂದ 25 ಮಿಲಿಗ್ರಾಂನಿಂದ ಆರಂಭಿಸಿ, 4ರಿಂದ 8 ವಾರಗಳಲ್ಲಿ 10 ಮಿಲಿಗ್ರಾಂಗೆ ತಂದು, ಆನಂತರ 4 ವಾರಗಳಿಗೊಮ್ಮೆ 1 ಮಿಲಿಗ್ರಾಂನಷ್ಟು ಇಳಿಸಬೇಕು. ಎಂದರೆ, 10ರಿಂದ ಸೊನ್ನೆಗೆ ಬರಲು ಸುಮಾರು 40 ವಾರ. ನಡುವೆ ಕಾಯಿಲೆ ಮರುಕಳಿಸಿದರೆ ಅದಕ್ಕೆ ಮುನ್ನ ಹಿತವಾಗಿದ್ದ ಪ್ರಮಾಣಕ್ಕೆ ಮರಳಿ, ಮತ್ತೆ ನಿಧಾನವಾಗಿ ಇಳಿಸಬೇಕೆಂದು ಅದೇ ಶಿಫಾರಸು ಹೇಳುತ್ತದೆ. ಒಂದು ಮೆಟ್ಟಿಲು ಹಿಂದೆ ಬಂದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ.

ಇಳಿಸುವುದು ಸಾಧ್ಯವೆಂಬುದಕ್ಕೂ ಪುರಾವೆಯಿದೆ. ಟೊಸಿಲಿಜುಮ್ಯಾಬ್ ಎಂಬ ಮೂಲ ಔಷಧದಿಂದ ಸಂಧಿವಾತ ಹತೋಟಿಗೆ ಬಂದು, ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೋನ್ ಮುಂದುವರಿಸಿದ್ದ ರೋಗಿಗಳ ಅಧ್ಯಯನವೊಂದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದುವರಿಸಿದವರಲ್ಲಿ ಶೇ. 77ರಷ್ಟು ಮಂದಿಗೆ ಕಾಯಿಲೆ ಹತೋಟಿಯಲ್ಲಿ ಉಳಿದರೆ, ಹಂತಹಂತವಾಗಿ ಇಳಿಸಿದವರಲ್ಲಿ ಶೇ. 65ರಷ್ಟು ಮಂದಿಗೆ ಉಳಿಯಿತು. ಎಂದರೆ ಮೂವರಲ್ಲಿ ಸುಮಾರು ಇಬ್ಬರು ಯಶಸ್ವಿಯಾಗಿ ಇಳಿಸಿದರು. ಇಳಿಸುವ ಶ್ರಮ ಏಕೆಂದರೆ, ದೀರ್ಘಕಾಲದ ಸ್ಟೀರಾಯ್ಡ್‌ನಿಂದ ಮಧುಮೇಹ, ರಕ್ತದೊತ್ತಡ, ಮೂಳೆ ಸವೆತ, ಕಣ್ಣಿನ ಪೊರೆ ಹಾಗೂ ಕ್ಷಯದಂತಹ ಸೋಂಕುಗಳ ಅಪಾಯ ಹೆಚ್ಚುತ್ತದೆ.

ಲೆಕ್ಕವನ್ನು ಮಾತ್ರೆಗಳಲ್ಲಿ ಅಲ್ಲ, ಮಿಲಿಗ್ರಾಂನಲ್ಲಿ ಇಡಬೇಕು. "ಎರಡು ಮಾತ್ರೆ" ಎಂದರೆ 5 ಮಿಲಿಗ್ರಾಂನ ಸ್ಟ್ರಿಪ್‌ನಲ್ಲಿ 10, 10ರ ಸ್ಟ್ರಿಪ್‌ನಲ್ಲಿ 20. ಡೆಕ್ಸಾಮೆಥಸೋನ್ ಮಾತ್ರೆಯಾದರೆ 0.75 ಮಿಲಿಗ್ರಾಂ ಸಹ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ.

ತುರ್ತು ಲಕ್ಷಣಗಳು

ಮೂರ್ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಸೇವಿಸಿದವರು ಅದನ್ನು ಏಕಾಏಕಿ ನಿಲ್ಲಿಸಬಾರದು. ಮಾತ್ರೆ ಬಿಟ್ಟವರಲ್ಲಿ ಅಥವಾ ಇಳಿಸುತ್ತಿರುವವರಲ್ಲಿ ವಿಪರೀತ ನಿಶ್ಶಕ್ತಿ, ಎದ್ದು ನಿಂತರೆ ತಲೆಸುತ್ತು, ನಿಲ್ಲದ ವಾಂತಿ, ಹೊಟ್ಟೆನೋವು, ಮಂಪರು ಕಂಡುಬಂದರೆ ವಿಳಂಬಿಸದೆ 108 ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಸಾಗಿಸಬೇಕು. ಸ್ಟೀರಾಯ್ಡ್ ಸೇವಿಸುತ್ತಿದ್ದರೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ತೀವ್ರ ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಇವರಿಗೆ ಹೆಚ್ಚುವರಿ ಪ್ರಮಾಣ ಬೇಕಾಗಬಹುದು. ಆದ್ದರಿಂದ ಔಷಧದ ಹೆಸರು, ಪ್ರಮಾಣ ಮತ್ತು ಆರಂಭಿಸಿದ ದಿನಾಂಕವಿರುವ ಚೀಟಿಯನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಹೆಸರಿಲ್ಲದ ಪುಡಿ, ಗುರುತಿಲ್ಲದ ಚುಚ್ಚುಮದ್ದು

ಕೀಲುನೋವಿಗೆಂದು ಮಾರುವ ಲೇಬಲ್ ಇಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಹಲವು ಬಾರಿ ಪತ್ತೆಯಾಗಿದೆ. ತಾನು ಸ್ಟೀರಾಯ್ಡ್ ಸೇವಿಸುತ್ತಿರುವುದೇ ತಿಳಿಯದವರು ಅದನ್ನು ಹಂತಹಂತವಾಗಿ ಇಳಿಸುವುದು ಹೇಗೆ? ಪುಡಿ ಮುಗಿದ ವಾರದಲ್ಲೇ ನೋವು ದುಪ್ಪಟ್ಟಾಗಿ ಮರಳುತ್ತದೆ. ಜನರು ಅದನ್ನು ಪುಡಿಯ ಮಹಿಮೆಯೆಂದು ತಿಳಿದು ಮತ್ತೆ ಕೊಳ್ಳುತ್ತಾರೆ. ಒಂದೆರಡು ದಿನಗಳಲ್ಲೇ ನೋವನ್ನು ಪೂರ್ತಿ ಮಾಯ ಮಾಡುವ ಹೆಸರಿಲ್ಲದ ಔಷಧವನ್ನು ಸಂಶಯದಿಂದಲೇ ಕಾಣಬೇಕು. ಅಂಥ ಪುಡಿಯನ್ನು ಬಹುಕಾಲ ಸೇವಿಸಿದವರು ಅದನ್ನು ಎಸೆಯದೆ, ವೈದ್ಯರ ಬಳಿಗೇ ಕೊಂಡೊಯ್ದು ತೋರಿಸಲಿ.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ದೀರ್ಘಕಾಲ ಕೀಲುನೋವಿನ ಮಾತ್ರೆ ಸೇವಿಸುವವರನ್ನು ಆಶಾ ಕಾರ್ಯಕರ್ತೆಯರ ಮೂಲಕ ತಪಾಸಣೆಗೆ ಕಳುಹಿಸುವುದು. ರೋಗಿಗಳ ವಿವರವನ್ನು ಸಭೆಯಲ್ಲಿ ಓದುವಂತಿಲ್ಲ. ಅದು ಆರೋಗ್ಯ ಸಿಬ್ಬಂದಿಯ ಬಳಿಯೇ ಗೌಪ್ಯವಾಗಿರಬೇಕು.

2. ಪ್ರತಿ ಬಾರಿಯೂ ಬೆಂಗಳೂರಿಗೆ ಹೋಗಲಾಗದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಗಳ ಮೂಲಕ ಇ-ಸಂಜೀವಿನಿ ದೂರ ಸಮಾಲೋಚನೆಯ ಮಾಹಿತಿ ನೀಡುವುದು. ಔಷಧದ ವೆಚ್ಚ ತಗ್ಗಿಸಲು ಜನೌಷಧಿ ಕೇಂದ್ರಗಳನ್ನು ತಿಳಿಸುವುದು.

3. ನೋಂದಣಿಯಿಲ್ಲದ ಕ್ಲಿನಿಕ್, ಲೇಬಲ್ ಇಲ್ಲದ ಔಷಧ ಮಾರಾಟ ಕಂಡುಬಂದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು. ಖಾಸಗಿ ಕ್ಲಿನಿಕ್‌ಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ.

4. ಕೈಕಾಲುಗಳ ಚಲನೆ ಶಾಶ್ವತವಾಗಿ ಕುಂದಿರುವವರಿಗೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ವೈದ್ಯಕೀಯ ತಪಾಸಣೆ ಮತ್ತು ಯುಡಿಐಡಿ ಕಾರ್ಡ್ ಅರ್ಜಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ನೆರವಾಗುವುದು. ಇಳಿಕೆಯ ಅವಧಿಯಲ್ಲಿರುವ ಕೂಲಿಕಾರರಿಗೆ ಕಾಮಗಾರಿ ಸ್ಥಳದಲ್ಲಿ ಲಘು ಕೆಲಸ ಸಾಧ್ಯವೇ ಎಂದು ಪರಿಶೀಲಿಸುವುದು.

5. ನೀರಿನ ತೊಟ್ಟಿ, ಡ್ರಮ್, ಹಳೆಯ ಟೈರುಗಳಲ್ಲಿ ಈಡಿಸ್ ಸೊಳ್ಳೆಯ ಲಾರ್ವಾ ಬೆಳೆಯದಂತೆ ವಾರಕ್ಕೊಮ್ಮೆ ಸ್ವಚ್ಛಗೊಳಿಸುವ ವ್ಯವಸ್ಥೆ ಮಾಡುವುದು. ಚಿಕುನ್‌ಗುನ್ಯಾ ತಡೆದಷ್ಟೂ ಕೀಲುನೋವಿನ ಸಾಲು ಕಿರಿದಾಗುತ್ತದೆ.

ನೋವು ಮರಳಿತೆಂದು ವಾರ್ಡಿನ ಯಾರಾದರೂ ಹೇಳಿದಾಗ ಸದಸ್ಯರು ನೀಡಬೇಕಾದ ಉತ್ತರ ಸರಳ: "ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಚೀಟಿ ಮತ್ತು ಸ್ಟ್ರಿಪ್ ಹಿಡಿದುಕೊಂಡು ಈ ವಾರವೇ ವೈದ್ಯರನ್ನು ಕಾಣಿರಿ." ಈ ಮಾಹಿತಿಯನ್ನು ಮುಂದಿನ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಜನರಿಗೆ ತಲುಪಿಸಬೇಕೆಂದು ಕೋರಲಾಗಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆ