ಟಿವಿಯ ಬುದ್ಧಿಗಿಂತ ಬೆಳಕು ಮುಖ್ಯ

ಟಿವಿ ಅಂಗಡಿಯ ಗೋಡೆಯ ಮುಂದೆ ನಿಂತರೆ ಅದೇ ಗಿಳಿ, ಅದೇ ಜಲಪಾತ, ಅದೇ ಹೂವಿನ ತೋಟ ಎಲ್ಲ ಪರದೆಗಳಲ್ಲೂ ಹೊಳೆಯುತ್ತಿರುತ್ತವೆ. ಪ್ರತಿಯೊಂದರ ಮೂಲೆಯಲ್ಲೂ ಸ್ಟಿಕ್ಕರ್‌ಗಳ ಸಾಲು: 4ಕೆ, ಎಚ್‌ಡಿಆರ್, ಕ್ಯೂಎಲ್‌ಇಡಿ, ಎಐ. ಮೂವತ್ತು ಸಾವಿರದ ಟಿವಿಗೂ ಒಂದು ಲಕ್ಷದ ಟಿವಿಗೂ ಬಹುಪಾಲು ಅವೇ ಸ್ಟಿಕ್ಕರ್‌ಗಳು. ಹಾಗಾದರೆ ಮಿಕ್ಕ ಎಪ್ಪತ್ತು ಸಾವಿರ ಯಾವುದಕ್ಕೆ? ಗಾಜಿನ ಹಿಂದೆ ಬೆಳಕು ಹೇಗೆ ಹುಟ್ಟುತ್ತದೆ, ಹೇಗೆ ಹೊರಬರುತ್ತದೆ ಎಂದು ತಿಳಿದುಕೊಂಡವರಿಗೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

ಸ್ಮಾರ್ಟ್ ಟಿವಿ ಎಂದರೆ ಒಂದೇ ಪೆಟ್ಟಿಗೆಯೊಳಗೆ ಕೂಡಿಸಿಟ್ಟ ಎರಡು ಯಂತ್ರಗಳು. ಒಂದು, ಚಿತ್ರ ಮೂಡಿಸುವ ಪರದೆ. ಅಂಗಡಿಯವರ ಮಾತಿನಲ್ಲಿ ಪ್ಯಾನೆಲ್. ಇನ್ನೊಂದು, ಯೂಟ್ಯೂಬ್ ಮತ್ತು ಓಟಿಟಿ ಆ್ಯಪ್‌ಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್. ಸಾಮಾನ್ಯವಾಗಿ ನಾಲ್ಕೈದು ವರ್ಷದಲ್ಲಿ ಈ ಕಂಪ್ಯೂಟರ್ ನಿಧಾನವಾಗುತ್ತದೆ, ಹೊಸ ಅಪ್‌ಡೇಟ್‌ಗಳು ಬರುವುದು ನಿಲ್ಲುತ್ತದೆ. ಆಗ ಕೆಲವು ಸಾವಿರ ರೂಪಾಯಿಯ ಸ್ಟಿಕ್ ತಂದು ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸಿದರೆ ಟಿವಿಗೆ ಹೊಸ ಬುದ್ಧಿ ಬಂದಂತೆಯೇ. ಪ್ಯಾನೆಲ್ ಹಾಗಲ್ಲ. ಅದನ್ನು ಬದಲಿಸುವ ಖರ್ಚು ಎಷ್ಟೋ ಸಲ ಹೊಸ ಟಿವಿಯ ಬೆಲೆಯನ್ನೇ ಮುಟ್ಟುತ್ತದೆ. ಆದ್ದರಿಂದ ದುಡ್ಡು ಹಾಕಬೇಕಾದದ್ದು ಪ್ಯಾನೆಲ್‌ಗೆ. ಜಾಹೀರಾತು ಹೆಚ್ಚಾಗಿ ಹೊಗಳುವುದು ಬದಲಿಸಬಹುದಾದ ಬುದ್ಧಿಯನ್ನು. ಕೊಳ್ಳುವವರು ಪರೀಕ್ಷಿಸಬೇಕಾದದ್ದು ಸುಲಭಕ್ಕೆ ಬದಲಿಸಲಾಗದ ಪ್ಯಾನೆಲ್‌ನ ಬೆಳಕನ್ನು.

ಮನೆಯ ಟಿವಿಯಲ್ಲಿ ಬಿಳಿ ಅಕ್ಷರವೊಂದು ಕಾಣುವಾಗ ಫೋನಿನ ಕ್ಯಾಮೆರಾವನ್ನು ಪರದೆಗೆ ತೀರಾ ಹತ್ತಿರ ಹಿಡಿದು ಜೂಮ್ ಮಾಡಿ. ಬಹುತೇಕ ಟಿವಿಗಳಲ್ಲಿ ಅಲ್ಲಿ ಬಿಳಿ ಇರುವುದೇ ಇಲ್ಲ. ಕೆಂಪು, ಹಸಿರು, ನೀಲಿಯ ಸಣ್ಣ ಪಟ್ಟಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಈ ಮೂರೂ ಸೇರಿ ಒಂದು ಪಿಕ್ಸೆಲ್. ‘ಎಲ್‌ಇಡಿ ಟಿವಿ’ ಎಂದು ಮಾರಾಟವಾಗುವ ಬಹುತೇಕ ಟಿವಿಗಳಲ್ಲಿ ಈ ಪಟ್ಟಿಗಳಿಗೆ ಸ್ವಂತ ಬೆಳಕಿಲ್ಲ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ. ಮುಂದಿನ ಒಂದೊಂದು ಪಟ್ಟಿಯೂ ಆ ಬೆಳಕನ್ನು ಎಷ್ಟು ಬೇಕೋ ಅಷ್ಟೇ ಒಳಬಿಡುವ ಕಿಟಕಿಯ ಬಾಗಿಲಿನಂತೆ ಕೆಲಸ ಮಾಡುತ್ತದೆ.

ಈ ಬಾಗಿಲನ್ನು ತೆರೆದು ಮುಚ್ಚುವುದು ದ್ರವಸ್ಫಟಿಕ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟ್ರಾಲ್‌ನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ಎರಡು ಬಾರಿ ಕರಗಿದಂತೆ ಕಂಡಿತು. ಸುಮಾರು 145 ಡಿಗ್ರಿಯಲ್ಲಿ ಗಟ್ಟಿ ಹರಳು ಮಸುಕಾದ ದ್ರವವಾಯಿತು. 178 ಡಿಗ್ರಿ ದಾಟಿದಾಗ ಆ ಮಸುಕು ಹೋಗಿ ತಿಳಿಯಾಯಿತು. ನಡುವಿನ ಸ್ಥಿತಿಯಲ್ಲಿ ಅದು ದ್ರವದ ಹಾಗೆ ಹರಿಯುತ್ತಿತ್ತು, ಹರಳಿನ ಹಾಗೆ ಅಣುಗಳನ್ನು ಒಂದು ದಿಕ್ಕಿಗೆ ಸಾಲಾಗಿ ನಿಲ್ಲಿಸಿಕೊಂಡಿತ್ತು. ಟಿವಿಯಲ್ಲಿ ಇಂಥ ವಸ್ತುವಿನ ತೆಳು ಪದರ ಎರಡು ಪೋಲರೈಸರ್ ಹಾಳೆಗಳ ನಡುವೆ ಇರುತ್ತದೆ. ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಿಂದಿನ ಹಾಳೆ ಒಳಬಿಡುತ್ತದೆ. ಮುಂದಿನ ಹಾಳೆ ಅದಕ್ಕೆ ಅಡ್ಡವಾಗಿ ಕಂಪಿಸುವ ಬೆಳಕಿಗಷ್ಟೇ ದಾರಿ ಕೊಡುತ್ತದೆ. ವೋಲ್ಟೇಜ್ ಬದಲಾದಂತೆ ದ್ರವಸ್ಫಟಿಕದ ಅಣುಗಳು ತಿರುಗಿ ಬೆಳಕಿನ ಕಂಪನದ ದಿಕ್ಕನ್ನು ಹೊರಳಿಸುತ್ತವೆ. ಹೊರಳಿದಷ್ಟು ಬೆಳಕು ಹೊರಗೆ ಬರುತ್ತದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದನ್ನು ಟಿವಿಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ: ಒಂದು ಕೋನದಲ್ಲಿ ಇಡೀ ಚಿತ್ರ ಕಪ್ಪಾಗುತ್ತದೆ.

ಈ ವ್ಯವಸ್ಥೆಗೆ ಎರಡು ದೌರ್ಬಲ್ಯಗಳಿವೆ. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸಂದಿಯಲ್ಲಿ ಸ್ವಲ್ಪ ಬೆಳಕು ಸೋರುತ್ತದೆ. ಅದರಿಂದಾಗಿ ರಾತ್ರಿಯ ದೃಶ್ಯದ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಎರಡನೆಯದು, ಓರೆಯಿಂದ ನೋಡಿದಾಗ ಬೆಳಕು ಅಣುಗಳನ್ನು ಬೇರೆ ಕೋನದಲ್ಲಿ ಹಾದುಬರುವುದರಿಂದ ಬಣ್ಣ ಕೆಡುತ್ತದೆ.

ಈ ಎರಡನೆಯ ತೊಂದರೆಗೆ ಸಿಕ್ಕ ಒಂದು ಪರಿಹಾರದ ಬೇರು ಬೆಂಗಳೂರಿನಲ್ಲಿದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗವನ್ನು ಕಟ್ಟಿ, ಆಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯ ಆರಂಭಿಸಿದರು. ಕಡ್ಡಿಯಾಕಾರದ ಅಣುಗಳೇ ದ್ರವಸ್ಫಟಿಕವಾಗುತ್ತವೆ ಎಂಬ ನಂಬಿಕೆ ಆಗಿನ ಕಾಲದ್ದು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿಕೊಟ್ಟರು. ಆ ಪ್ರಬಂಧ ಬಂದದ್ದು ನಮ್ಮ ದೇಶದ್ದೇ ಆದ ಪತ್ರಿಕೆ ‘ಪ್ರಮಾಣ’ದಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಇಂಥ ತಟ್ಟೆ ಅಣುಗಳ ಪದರವನ್ನು ಹಾಳೆಯ ಮೇಲೆ ಲೇಪಿಸಿ, ಕಂಪ್ಯೂಟರ್ ಮಾನಿಟರ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಓರೆಯಿಂದಲೂ ಸ್ಪಷ್ಟವಾಗಿ ಕಾಣುವಂತೆ ಮಾಡಿತು. ಮೂಲ ವಿಜ್ಞಾನಕ್ಕೆ ಸುರಿದ ಶ್ರಮ ಎಲ್ಲಿ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಂದಿನ ಟಿವಿಗಳು ಓರೆನೋಟದ ಸಮಸ್ಯೆಯನ್ನು ಅಣುಗಳ ಜೋಡಣೆಯಲ್ಲೇ ನಿಭಾಯಿಸುತ್ತವೆ. ಅದರಲ್ಲಿ ಎರಡು ಮುಖ್ಯ ಬಗೆ. ಐಪಿಎಸ್ ಪ್ಯಾನೆಲ್ ಓರೆಯಿಂದಲೂ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಕಪ್ಪು ಅಷ್ಟು ಗಾಢವಲ್ಲ. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಸುಮಾರು 1000ಕ್ಕೆ 1. ವಿಎ ಪ್ಯಾನೆಲ್‌ನಲ್ಲಿ ಅದು 3000 ಅಥವಾ ಇನ್ನೂ ಹೆಚ್ಚು, ಆದರೆ ಪಕ್ಕಕ್ಕೆ ಸರಿದರೆ ಬಣ್ಣ ಮಂಕಾಗುತ್ತದೆ. ವಿವರಪಟ್ಟಿಯಲ್ಲಿ ಎರಡಕ್ಕೂ ನೋಟದ ಕೋನ ‘178 ಡಿಗ್ರಿ’ ಎಂದೇ ಬರೆದಿರುತ್ತಾರೆ. ಆ ಅನುಪಾತ 10ಕ್ಕೆ ಇಳಿಯುವವರೆಗಿನ ಕೋನವನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಆ ಅಂಕಿಯನ್ನು ನೆಚ್ಚಿಕೊಳ್ಳಲಾಗದು. ಸೋಫಾದಲ್ಲಿ ಇಬ್ಬರು, ಚಾಪೆಯ ಮೇಲೆ ಮಕ್ಕಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಧಾರಾವಾಹಿ ನೋಡುವ ಅಮ್ಮ, ಹೀಗೆ ಎಲ್ಲ ದಿಕ್ಕಿನಿಂದ ನೋಡುವ ಮನೆಗೆ ಐಪಿಎಸ್ ಸರಿ. ಟಿವಿಯ ನೇರಕ್ಕೆ ಕೂತು ರಾತ್ರಿ ಸಿನಿಮಾ ನೋಡುವವರಿಗೆ ವಿಎ ಹಿತ. ಅಂಗಡಿಯಲ್ಲಿ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು, ಪರದೆಯ ಮೇಲಿನ ಮುಖವೊಂದರ ಬಣ್ಣ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ.

ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಇರುವುದು ಹಿಂದಿನ ದೀಪಗಳಲ್ಲಿ. ಪೋಲರೈಸರ್ ಬೆಳಕಿನ ಅರ್ಧವನ್ನು, ಬಣ್ಣದ ಶೋಧಕಗಳು ಮಿಕ್ಕಿದ್ದರ ಮೂರನೇ ಎರಡನ್ನು ನುಂಗುತ್ತವೆ. ಸರಳ ಲೆಕ್ಕದಲ್ಲಿ ಹುಟ್ಟಿದ ಬೆಳಕಿನ ಆರನೇ ಒಂದು ಪಾಲಷ್ಟೇ ಹೊರಗೆ ಬರುತ್ತದೆ. ಆದ್ದರಿಂದ ದೀಪ ಪ್ರಖರವಾಗಿರಬೇಕು, ಜಾಣತನದಿಂದ ಉರಿಯಬೇಕು. ಅಗ್ಗದ ಟಿವಿಯಲ್ಲಿ ಇಡೀ ಪರದೆಗೆ ಒಟ್ಟಾಗಿ ಒಂದೇ ಮಟ್ಟದ ಬೆಳಕು. ಲೋಕಲ್ ಡಿಮ್ಮಿಂಗ್ ಇರುವ ಟಿವಿಯಲ್ಲಿ ದೀಪಗಳನ್ನು ವಲಯಗಳಾಗಿ ವಿಂಗಡಿಸಿ, ಚಿತ್ರ ಕಪ್ಪಿರುವ ಕಡೆ ದೀಪವನ್ನೇ ತಗ್ಗಿಸುತ್ತಾರೆ. ಮಿನಿ ಎಲ್‌ಇಡಿಯಲ್ಲಿ ದೀಪಗಳು ಇನ್ನೂ ಚಿಕ್ಕವು, ವಲಯಗಳು ನೂರಾರು. ಕ್ಯೂಎಲ್‌ಇಡಿ ಎಂದರೆ ನೀಲಿ ದೀಪದ ಮುಂದೆ ಕ್ವಾಂಟಮ್ ಡಾಟ್ ಎಂಬ ನ್ಯಾನೋ ಕಣಗಳ ಹಾಳೆ ಇದೆ ಎಂದಷ್ಟೇ ಅರ್ಥ. ಈ ಕಣಗಳು ನೀಲಿಯನ್ನು ಹೀರಿ ಶುದ್ಧ ಕೆಂಪು, ಹಸಿರು ಬೆಳಕನ್ನು ಸೂಸುತ್ತವೆ. ನೀಲಿ ಎಲ್‌ಇಡಿಗೆ 2014ರ ಭೌತವಿಜ್ಞಾನದ ನೊಬೆಲ್, ಕ್ವಾಂಟಮ್ ಡಾಟ್‌ಗೆ 2023ರ ರಸಾಯನವಿಜ್ಞಾನದ ನೊಬೆಲ್ ಸಂದಿವೆ. ಬಣ್ಣ ಚೆನ್ನಾಗಿ ಬರುತ್ತದೆ ನಿಜ; ಆದರೆ ಲೋಕಲ್ ಡಿಮ್ಮಿಂಗ್ ಇಲ್ಲದ ಕ್ಯೂಎಲ್‌ಇಡಿಯಲ್ಲಿ ಕಪ್ಪು ಮೊದಲಿನ ಹಾಗೇ ಬೂದಿ.

ಒಎಲ್‌ಇಡಿ ಎಂಬುದು ಹೆಸರಿನಲ್ಲಿ ಹತ್ತಿರ, ಕೆಲಸದಲ್ಲಿ ಬಲುದೂರ. ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ವಿವರಿಸಿದ ತಂತ್ರ ಇದಕ್ಕೆ ತಳಪಾಯ. ಇದರಲ್ಲಿ ಹಿಂಬದಿಯ ದೀಪವೇ ಇಲ್ಲ. ಪ್ರತಿ ಪಿಕ್ಸೆಲ್ಲೂ ಸ್ವತಃ ಹೊಳೆಯುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ. ಓರೆಯಿಂದ ನೋಡಿದರೂ ಬಣ್ಣ ಕೆಡದು. ಆದರೆ ಪಿಕ್ಸೆಲ್‌ನಲ್ಲಿ ಬೆಳಕು ಸೂಸುವ ಇಂಗಾಲದ ಸಂಯುಕ್ತಗಳು ಹೊಳೆದಷ್ಟೂ ಸವೆಯುತ್ತವೆ. ದಿನವಿಡೀ ಸುದ್ದಿವಾಹಿನಿ ಹಾಕುವ ಮನೆಯಲ್ಲಿ ಮೂಲೆಯ ಲೋಗೊ, ಕೆಳಗಿನ ‘ಬ್ರೇಕಿಂಗ್ ನ್ಯೂಸ್’ ಪಟ್ಟಿ ಇದ್ದ ಜಾಗದ ಪಿಕ್ಸೆಲ್‌ಗಳು ಬೇಗ ಸವೆದು, ವಾಹಿನಿ ಬದಲಿಸಿದರೂ ಮಸುಕು ಗುರುತು ಉಳಿಯಬಹುದು. ದೊಡ್ಡ ಕಿಟಕಿಗಳ ಹಜಾರದಲ್ಲಿ ಹಗಲು ಹೊತ್ತು ನೋಡುವವರಿಗೆ ಪ್ರಖರವಾದ ಮಿನಿ ಎಲ್‌ಇಡಿ ಒಳ್ಳೆಯದು. ಕಿಟಕಿಯ ಪರದೆ ಎಳೆದು ರಾತ್ರಿ ಸಿನಿಮಾ ನೋಡುವ ಕೋಣೆಗೆ ಒಎಲ್‌ಇಡಿಯನ್ನು ಮೀರಿಸಿದ್ದು ಇಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ಇಂಚು ಮತ್ತು 4ಕೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲದು. 55 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಪಿಕ್ಸೆಲ್‌ನ ಅಗಲ 0.63 ಮಿಲಿಮೀಟರ್. ಸುಮಾರು ಏಳು ಅಡಿ ಆಚೆ ಕೂತರೆ ಆ ಪಿಕ್ಸೆಲ್ ಕಣ್ಣಿಗೆ ಬೇರೆಯಾಗಿ ಕಾಣದು. 43 ಇಂಚಿಗೆ ಆ ದೂರ ಐದೂವರೆ ಅಡಿ. ಹತ್ತು ಅಡಿ ದೂರದ ಸೋಫಾದಿಂದ 43 ಇಂಚಿನ 4ಕೆ ನೋಡುವವರಿಗೆ ಹೆಚ್ಚಿನ ಪಿಕ್ಸೆಲ್‌ಗಳಿಂದ ಏನೂ ಲಾಭವಿಲ್ಲ. ಅಳತೆಯ ಸುಲಭ ಸೂತ್ರ ಹೀಗಿದೆ: ಕೂರುವ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿ. ಏಳೂವರೆ ಅಡಿ, ಅಂದರೆ 90 ಇಂಚಿಗೆ 55 ಇಂಚಿನ ಟಿವಿ ಹದವಾಗಿ ಕಣ್ಣು ತುಂಬುತ್ತದೆ.

ಪರದೆ 4ಕೆ ಆದರೆ ಸಾಲದು, ಬರುವ ಚಿತ್ರವೂ ಹಾಗಿರಬೇಕು. ಡಿಟಿಎಚ್ ಅಥವಾ ಕೇಬಲ್‌ನ ಎಸ್‌ಡಿ ವಾಹಿನಿಯಲ್ಲಿ ಹೆಚ್ಚೆಂದರೆ 720 ಗುಣಿಸು 576, ಅಂದರೆ 4,14,720 ಪಿಕ್ಸೆಲ್. 4ಕೆ ಪರದೆಯಲ್ಲಿ 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಪ್ರತಿ ಇಪ್ಪತ್ತು ಪಿಕ್ಸೆಲ್‌ಗಳಲ್ಲಿ ಹತ್ತೊಂಬತ್ತನ್ನು ಟಿವಿಯ ಚಿಪ್ ಅಂದಾಜಿನಿಂದ ತುಂಬುತ್ತದೆ. ‘ಹೊಸ ಟಿವಿಯಲ್ಲಿ ಹಳೆಯದಕ್ಕಿಂತ ಚಿತ್ರ ಮಬ್ಬು’ ಎಂದು ಹಿರಿಯರು ಹೇಳಿದರೆ ಅವರ ಮಾತು ನಿಜ. ಎಸ್‌ಡಿ ವಾಹಿನಿಗಳನ್ನೇ ಹೆಚ್ಚು ನೋಡುವ ಮನೆಯವರು ದೊಡ್ಡ ಪರದೆ ಕೊಳ್ಳುವ ಮೊದಲು ಅಂಥದೇ ವಾಹಿನಿ ಹಾಕಿಸಿ ನೋಡಬೇಕು.

ಎಚ್‌ಡಿಆರ್ ವಿಷಯದಲ್ಲೂ ಎಚ್ಚರ ಬೇಕು. ಟಿವಿಯ ಪ್ರಖರತೆಯನ್ನು ನಿಟ್‌ಗಳಲ್ಲಿ ಅಳೆಯುತ್ತಾರೆ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ ಅಥವಾ ಅದಕ್ಕೂ ಹೆಚ್ಚಿನ ಪ್ರಖರತೆಗೆ ಹದಗೊಳಿಸಿರುತ್ತಾರೆ. ಅಗ್ಗದ ಟಿವಿಗಳು ಮುಟ್ಟುವುದು 250ರಿಂದ 300ರ ಆಸುಪಾಸು. ಸ್ಟಿಕ್ಕರ್ ಹೇಳುವುದು ಎಚ್‌ಡಿಆರ್ ಸಂಕೇತವನ್ನು ಟಿವಿ ಓದಬಲ್ಲದು ಎಂದು. ತೋರಿಸಬಲ್ಲದೇ ಎಂಬುದು ಬೇರೆ ಮಾತು. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಮೂಡಿಸುತ್ತದೆ ಎಂದು ಹೇಳುವ ಹರ್ಟ್ಸ್ ಕೂಡ ಅಷ್ಟೇ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. 60 ಹರ್ಟ್ಸ್ ಪರದೆಯಲ್ಲಿ 24 ಸಮನಾಗಿ ಹಂಚಿಕೆಯಾಗದೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ; ಕ್ಯಾಮೆರಾ ನಿಧಾನವಾಗಿ ಹೊರಳುವಾಗ ಸಣ್ಣ ಕುಲುಕು ಕಾಣುತ್ತದೆ. 120 ಹರ್ಟ್ಸ್‌ನಲ್ಲಿ ಪ್ರತಿಯೊಂದೂ ಐದೈದು ಸಲ. ‘ಮೋಷನ್ ರೇಟ್’ ಎಂಬ ಜಾಹೀರಾತಿನ ಅಂಕಿಯನ್ನು ಒಪ್ಪಿಕೊಳ್ಳದೆ ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್ ಎಷ್ಟೆಂದು ಕೇಳಿ.

ಬುದ್ಧಿಯ ಭಾಗಕ್ಕೆ 2 ಜಿಬಿ ರ್‍ಯಾಮ್, 16 ಜಿಬಿ ಸಂಗ್ರಹ, ಕನಿಷ್ಠ ಮೂರು ಎಚ್‌ಡಿಎಂಐ ಪೋರ್ಟ್ ಇದ್ದರೆ ಸಾಕು. ಅಲ್ಲಿ ಗಮನಿಸಬೇಕಾದ ದೊಡ್ಡ ಸಂಗತಿ ಎಸಿಆರ್. ಪರದೆಯ ಮೇಲಿನ ಚಿತ್ರದ ತುಣುಕುಗಳನ್ನು ಟಿವಿ ಆಗಾಗ ಸೆರೆಹಿಡಿದು, ನೀವು ನೋಡುತ್ತಿರುವುದು ಏನೆಂದು ಗುರುತಿಸಿ ಕಂಪನಿಗೆ ತಿಳಿಸುವ ವ್ಯವಸ್ಥೆ ಅದು. ಸೆಟ್‌ಟಾಪ್ ಬಾಕ್ಸ್‌ನಿಂದ ಬರುವ ಚಿತ್ರವನ್ನೂ ಗುರುತಿಸಬಲ್ಲದು. ಸುಮಾರು 1.1 ಕೋಟಿ ಟಿವಿಗಳಿಂದ ಒಪ್ಪಿಗೆ ಪಡೆಯದೆ ಹೀಗೆ ಮಾಹಿತಿ ಕಲೆಹಾಕಿದ ಆರೋಪದಲ್ಲಿ ಅಮೆರಿಕದ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಇದು ‘ವ್ಯೂಯಿಂಗ್ ಇನ್ಫರ್ಮೇಷನ್ ಸರ್ವೀಸಸ್’, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಎಂಬ ಹೆಸರಿನಲ್ಲಿರುತ್ತದೆ. ಟಿವಿ ಅಳವಡಿಸುವ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ನಿಲ್ಲಿಸಿಬಿಡಿ. ಮನೆಯೊಳಗೆ ಏನು ನೋಡುತ್ತೇವೆ ಎಂಬುದು ಮನೆಯವರ ವಿಷಯ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಎರಡು ತುಣುಕು ಒಯ್ಯಿರಿ: ಕತ್ತಲ ದೃಶ್ಯವೊಂದು, ವೇಗದ ಆಟವೊಂದು. ಅಂಗಡಿಯ ‘ವಿವಿಡ್’ ಮೋಡ್ ತೆಗೆಸಿ ‘ಸಿನಿಮಾ’ ಮೋಡ್‌ನಲ್ಲಿ ನೋಡಿ. ಬಿಇಇ ಸ್ಟಾರ್ ಲೇಬಲ್‌ನಲ್ಲಿ ವರ್ಷದ ಯೂನಿಟ್ ಎಷ್ಟೆಂದು ಓದಿ. ಮನೆಗೆ ತಂದ ಮೇಲೆ ಬ್ಯಾಕ್‌ಲೈಟ್ ಅನ್ನು ನೂರಕ್ಕೆ ನೂರು ಇಡಬೇಡಿ. ಬಿಸಿಯೇ ಎಲ್‌ಇಡಿಯ ಆಯುಸ್ಸು ಕಡಿಮೆ ಮಾಡುವುದು.

ಮುಂದೊಂದು ದಿನ ಧ್ವನಿ ಬಂದು ಚಿತ್ರ ಬರದಿದ್ದರೆ ಟಿವಿ ಸತ್ತಿತೆಂದು ತೀರ್ಮಾನಿಸಬೇಡಿ. ಕೋಣೆ ಕತ್ತಲು ಮಾಡಿ ಪರದೆಗೆ ತಾಗಿಸಿದಂತೆ ಟಾರ್ಚ್ ಹಿಡಿಯಿರಿ. ಒಳಗೆ ಚಿತ್ರ ಮಸುಕಾಗಿ ಓಡಾಡುತ್ತಿದ್ದರೆ ಪ್ಯಾನೆಲ್ ಗಟ್ಟಿಯಾಗಿದೆ, ಹಿಂದಿನ ದೀಪದ ಪಟ್ಟಿ ಮಾತ್ರ ಹೋಗಿದೆ ಎಂದರ್ಥ. ಆ ಪಟ್ಟಿ ಬದಲಿಸಲು ಹೊಸ ಟಿವಿಯ ಬೆಲೆಯ ಸಣ್ಣ ಪಾಲು ಸಾಕು. ಬೆಳಕಿನ ದಾರಿ ತಿಳಿದವರು ಟಿವಿಯನ್ನು ಸರಿಯಾಗಿ ಆರಿಸುವುದಷ್ಟೇ ಅಲ್ಲ, ಇನ್ನೂ ಬಾಳುವ ಯಂತ್ರವನ್ನು ಗುಜರಿಗೆ ಹಾಕುವ ತಪ್ಪನ್ನೂ ಮಾಡುವುದಿಲ್ಲ.